ವಿಯೋಗದುಃಖ ಮತ್ತು ಖಿನ್ನತೆ ನಿವಾರಕಗಳ ಆಯ್ಕೆ

ವಿಯೋಗದುಃಖದ ಅವಧಿಯಲ್ಲಿ ಖಿನ್ನತೆ ನಿವಾರಕದ ಆಯ್ಕೆ ಎಂಬುದು, ಆಪ್ತರ ಮರಣದ ನಂತರ ಖಿನ್ನತೆಗೆ ಒಳಗಾದ ವ್ಯಕ್ತಿಗೆ ಔಷಧದ ಅಗತ್ಯವಿದೆಯೇ ಮತ್ತು ಇದ್ದಲ್ಲಿ ಯಾವ ಔಷಧ ಸೂಕ್ತ ಎಂಬುದನ್ನು ನಿರ್ಧರಿಸುವ ವೈದ್ಯಕೀಯ ಪ್ರಕ್ರಿಯೆಯಾಗಿದೆ. ದುಃಖ ಸಹಜವಾದ ಮಾನಸಿಕ ಪ್ರತಿಕ್ರಿಯೆ, ಖಿನ್ನತೆ ಚಿಕಿತ್ಸೆ ಬೇಡುವ ಕಾಯಿಲೆ. ಎರಡೂ ಒಂದೇ ವ್ಯಕ್ತಿಯಲ್ಲಿ ಒಟ್ಟಿಗೆ ಇರಲು ಸಾಧ್ಯ. ಖಿನ್ನತೆ ನಿವಾರಕಗಳು ಖಿನ್ನತೆಯನ್ನು ತಗ್ಗಿಸಬಲ್ಲವು, ಆದರೆ ಅಗಲಿದವರಿಗಾಗಿ ಪಡುವ ಹಂಬಲವನ್ನು ಅವು ತಗ್ಗಿಸುತ್ತವೆ ಎನ್ನಲು ಬಲವಾದ ಆಧಾರವಿಲ್ಲ. ದೇಹದ ತೂಕ ಹೆಚ್ಚಬಹುದೆಂಬ ಆತಂಕವು ಅನೇಕರು ಔಷಧವನ್ನು ಆರಂಭಿಸದಿರಲು ಅಥವಾ ಅರ್ಧದಲ್ಲೇ ನಿಲ್ಲಿಸಲು ಒಂದು ಕಾರಣವಾಗಿದೆ. ತೂಕದ ಮೇಲಿನ ಪರಿಣಾಮವು ಔಷಧದಿಂದ ಔಷಧಕ್ಕೆ ಬೇರೆಯಾಗಿರುವುದರಿಂದ ಆಯ್ಕೆಯಲ್ಲಿ ಇದನ್ನೂ ಪರಿಗಣಿಸಲಾಗುತ್ತದೆ.

ದುಃಖ ಮತ್ತು ಖಿನ್ನತೆಯ ವ್ಯತ್ಯಾಸ

ನಿದ್ರಾಹೀನತೆ, ಹಸಿವು ಕುಗ್ಗುವುದು, ಅಳು, ಏಕಾಗ್ರತೆಯ ಕೊರತೆ ಮತ್ತು ಕೆಲಸದಲ್ಲಿ ನಿರಾಸಕ್ತಿ ಎರಡೂ ಸ್ಥಿತಿಗಳಲ್ಲಿ ಕಂಡುಬರುತ್ತವೆ. ಆದರೆ ದುಃಖವು ಸಾಮಾನ್ಯವಾಗಿ ಅಲೆಅಲೆಯಾಗಿ ಬರುತ್ತದೆ. ಅಗಲಿದವರ ನೆನಪು ಬಂದಾಗ ಅದು ಉಕ್ಕುತ್ತದೆ, ನಡುವೆ ಸಮಾಧಾನದ, ನಗುವಿನ ಗಳಿಗೆಗಳೂ ಇರುತ್ತವೆ. ಖಿನ್ನತೆಯಲ್ಲಿ ಮನಸ್ಸಿನ ಭಾರ ದಿನದ ಬಹುಭಾಗ ಇಳಿಯುವುದಿಲ್ಲ. ದುಃಖಿತರು ತಮ್ಮ ಬಗೆಗಿನ ಗೌರವವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತಾರೆ, ಖಿನ್ನತೆಗೆ ಒಳಗಾದವರು ತಾವು ನಿಷ್ಪ್ರಯೋಜಕರೆಂದು ಭಾವಿಸುತ್ತಾರೆ. ದುಃಖದಲ್ಲಿ ಕಾಡುವ ತಪ್ಪಿತಸ್ಥ ಭಾವನೆ ಹೆಚ್ಚಾಗಿ ಮೃತರಿಗೆ ಸಂಬಂಧಿಸಿದ್ದು. ಆಸ್ಪತ್ರೆಗೆ ಬೇಗ ಸೇರಿಸಬೇಕಿತ್ತು, ಕೊನೆಯ ದಿನ ಜೊತೆಗಿರಬೇಕಿತ್ತು ಎಂಬ ಕೊರಗು ಇದಕ್ಕೆ ಉದಾಹರಣೆ. ಖಿನ್ನತೆಯಲ್ಲಿ ಅದು ಬದುಕಿನ ಎಲ್ಲ ವಿಷಯಗಳಿಗೂ ಹರಡುತ್ತದೆ.

ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದೇ ವ್ಯತ್ಯಾಸವನ್ನು ಗುರುತಿಸಿ, ಸ್ವಾಭಿಮಾನದ ಕುಸಿತವನ್ನು ಖಿನ್ನತೆಯ ವಿಶೇಷ ಲಕ್ಷಣವೆಂದು ಪರಿಗಣಿಸಿದ್ದನು.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು 2022ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ, ಮರಣದ ನಂತರ ಒಂದು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಬಿಡದೆ ಇರುವ ಲಕ್ಷಣಗಳು, ಮೃತರಿಗೆ ಸಂಬಂಧಿಸದ ತೀವ್ರ ಕೀಳರಿಮೆ ಅಥವಾ ತಪ್ಪಿತಸ್ಥ ಭಾವನೆ, ಭ್ರಮೆಗಳು, ಆತ್ಮಹತ್ಯೆಯ ಆಲೋಚನೆ ಮತ್ತು ಚಲನವಲನ ಮಂದವಾಗುವುದು ಖಿನ್ನತೆಯನ್ನು ಸೂಚಿಸುತ್ತವೆ.

ರೋಗನಿರ್ಣಯದ ವಿವಾದ

ಅಮೆರಿಕದ ಮನೋವೈದ್ಯಕೀಯ ಸಂಘದ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯು (1980) ವಿಯೋಗದುಃಖವನ್ನು ಖಿನ್ನತೆಯಿಂದ ಪ್ರತ್ಯೇಕಿಸಿತ್ತು. ನಾಲ್ಕನೆಯ ಆವೃತ್ತಿಯ (1994) ಪ್ರಕಾರ, ಕೆಲವು ತೀವ್ರ ಲಕ್ಷಣಗಳಿದ್ದ ಸಂದರ್ಭಗಳನ್ನು ಬಿಟ್ಟರೆ, ಮರಣದ ನಂತರದ ಎರಡು ತಿಂಗಳವರೆಗೆ ಖಿನ್ನತೆಯ ನಿರ್ಣಯ ಮಾಡುವಂತಿರಲಿಲ್ಲ. 2013ರ ಐದನೆಯ ಆವೃತ್ತಿ ಈ ವಿನಾಯಿತಿಯನ್ನು ಕೈಬಿಟ್ಟಿತು.

ಈ ಬದಲಾವಣೆಯಿಂದ ಸಹಜ ದುಃಖಕ್ಕೂ ಕಾಯಿಲೆಯ ಹೆಸರು ಬಂದು, ಅನಗತ್ಯವಾಗಿ ಔಷಧ ನೀಡುವಂತಾಗುತ್ತದೆ ಎಂದು ಆಲೆನ್ ಫ್ರಾನ್ಸಿಸ್ ಮತ್ತು ಜೆರೋಮ್ ವೇಕ್‌ಫೀಲ್ಡ್ ಟೀಕಿಸಿದರು. ಸಿಡ್ನಿ ಝಿಸೂಕ್, ಕೆನೆತ್ ಕೆಂಡ್ಲರ್ ಮೊದಲಾದವರು ಬದಲಾವಣೆಯನ್ನು ಸಮರ್ಥಿಸಿದರು. ಕೆಲಸ ಕಳೆದುಕೊಂಡಾಗ ಅಥವಾ ದಾಂಪತ್ಯ ಮುರಿದಾಗ ಬರುವ ಖಿನ್ನತೆಗೆ ಚಿಕಿತ್ಸೆ ನೀಡುವಂತೆಯೇ ಮರಣದ ನಂತರದ ಖಿನ್ನತೆಗೂ ನೀಡಬೇಕೆಂಬುದು ಅವರ ವಾದವಾಗಿತ್ತು.

ಇದಲ್ಲದೆ, ದೀರ್ಘಕಾಲೀನ ಶೋಕ ವ್ಯಾಧಿ ಎಂಬ ಪ್ರತ್ಯೇಕ ಸ್ಥಿತಿಯನ್ನೂ ಈಗ ಗುರುತಿಸಲಾಗಿದೆ. ತೀವ್ರವಾದ ಹಂಬಲವು ಬದುಕನ್ನು ಕುಂಠಿತಗೊಳಿಸುವಂತೆ ಮುಂದುವರಿಯುವುದು ಇದರ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದಕ್ಕೆ ಕನಿಷ್ಠ ಆರು ತಿಂಗಳು, ಅಮೆರಿಕದ ಕೈಪಿಡಿಯ 2022ರ ಪರಿಷ್ಕೃತ ಆವೃತ್ತಿಯಲ್ಲಿ ವಯಸ್ಕರಿಗೆ ಕನಿಷ್ಠ ಹನ್ನೆರಡು ತಿಂಗಳು ಕಳೆದಿರಬೇಕು. ವ್ಯಕ್ತಿಯ ಸಮಾಜ ಮತ್ತು ಧರ್ಮದ ರೂಢಿಯನ್ನು ಮೀರಿದ ಶೋಕವನ್ನು ಮಾತ್ರ ಎರಡೂ ವ್ಯಾಧಿಯೆಂದು ಪರಿಗಣಿಸುತ್ತವೆ. ಆದ್ದರಿಂದ ಹಬ್ಬದ ದಿನ ಅಥವಾ ವರ್ಷದ ತಿಥಿಯಂದು ದುಃಖ ಮರುಕಳಿಸುವುದು ಮಾತ್ರಕ್ಕೆ ಕಾಯಿಲೆ ಎನಿಸುವುದಿಲ್ಲ.

ದುಃಖದ ಮೇಲೆ ಔಷಧಗಳ ಪರಿಣಾಮ

ವಿಯೋಗಕ್ಕೆ ಒಳಗಾದವರಲ್ಲಿ ನಡೆದ ಔಷಧ ಪ್ರಯೋಗಗಳು ಸಂಖ್ಯೆಯಲ್ಲಿ ಕಡಿಮೆ. 1999ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ವಿಯೋಗದ ನಂತರ ಖಿನ್ನತೆಗೆ ಒಳಗಾಗಿದ್ದ, 50 ವರ್ಷ ದಾಟಿದ 80 ಜನರನ್ನು ಒಳಗೊಂಡಿತ್ತು. ಅದರಲ್ಲಿ ನಾರ್‌ಟ್ರಿಪ್ಟಿಲಿನ್ ಸೇವಿಸಿದವರ ಖಿನ್ನತೆಯು ಔಷಧಾಂಶವಿಲ್ಲದ ಹುಸಿಗುಳಿಗೆ ಸೇವಿಸಿದವರಿಗಿಂತ ಹೆಚ್ಚು ಗುಣವಾಯಿತು, ಆದರೆ ದುಃಖದ ತೀವ್ರತೆ ಅದೇ ರೀತಿ ಇಳಿಯಲಿಲ್ಲ. 2001ರಲ್ಲಿ 22 ಜನರಿಗೆ ಬ್ಯುಪ್ರೊಪಿಯಾನ್ ನೀಡಿದ ಸಣ್ಣ ಅಧ್ಯಯನದಲ್ಲಿಯೂ ದುಃಖಕ್ಕಿಂತ ಖಿನ್ನತೆಯೇ ಹೆಚ್ಚು ಕಡಿಮೆಯಾಯಿತು. ಈ ಅಧ್ಯಯನದಲ್ಲಿ ಹೋಲಿಕೆಯ ಗುಂಪು ಇರಲಿಲ್ಲ.

ಕ್ಯಾಥರಿನ್ ಶಿಯರ್ ಮತ್ತು ಸಹೋದ್ಯೋಗಿಗಳು 395 ವಯಸ್ಕರಲ್ಲಿ ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ದೀರ್ಘಕಾಲೀನ ಶೋಕಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಯನ್ನು ಹುಸಿಗುಳಿಗೆಯೊಂದಿಗೆ ಪಡೆದವರಲ್ಲಿ ಸುಮಾರು ಶೇ. 83ರಷ್ಟು ಜನರು ಸುಧಾರಿಸಿದರು. ಹುಸಿಗುಳಿಗೆಯನ್ನಷ್ಟೇ ಪಡೆದವರಲ್ಲಿ ಈ ಪ್ರಮಾಣ ಸುಮಾರು ಶೇ. 55 ಆಗಿತ್ತು. ಸಿಟಲೋಪ್ರಾಂ ಔಷಧವು ಶೋಕದ ಸುಧಾರಣೆಗೆ ಗಮನಾರ್ಹವಾಗಿ ಏನನ್ನೂ ಸೇರಿಸಲಿಲ್ಲ, ಆದರೆ ಮಾತಿನ ಚಿಕಿತ್ಸೆಯೊಂದಿಗೆ ನೀಡಿದಾಗ ಖಿನ್ನತೆಯ ಲಕ್ಷಣಗಳನ್ನು ಇನ್ನಷ್ಟು ತಗ್ಗಿಸಿತು.

ತೂಕ ಹೆಚ್ಚಲು ಕಾರಣಗಳು

ಔಷಧ ಸೇವನೆಯ ಅವಧಿಯಲ್ಲಿ ತೂಕ ಹೆಚ್ಚಿದರೆ ಅದಕ್ಕೆಲ್ಲ ಔಷಧವೇ ಕಾರಣವಲ್ಲ. ಊಟ ಸೇರದೆ ಇಳಿದಿದ್ದ ತೂಕವು ಖಿನ್ನತೆ ಗುಣವಾದಂತೆ ಮರಳಬಹುದು. ದುಃಖದಲ್ಲಿ ನಡಿಗೆ, ಅಡುಗೆ ಮತ್ತು ಊಟದ ವೇಳೆ ಏರುಪೇರಾಗುವುದೂ ತೂಕವನ್ನು ಬದಲಿಸುತ್ತದೆ. ಥೈರಾಯ್ಡ್ ಗ್ರಂಥಿಯ ಚಟುವಟಿಕೆ ಕುಂದಿದಾಗ ಮಂಕುತನ ಮತ್ತು ತೂಕದ ಏರಿಕೆ ಎರಡೂ ಉಂಟಾಗುವುದರಿಂದ, ಸಂದೇಹವಿದ್ದಲ್ಲಿ ರಕ್ತಪರೀಕ್ಷೆ ಮಾಡಿಸಲಾಗುತ್ತದೆ.

ಔಷಧದ ನೇರ ಪರಿಣಾಮವು ಮುಖ್ಯವಾಗಿ ಮೆದುಳಿನ ಎರಡು ಗ್ರಾಹಕಗಳಿಗೆ ಸಂಬಂಧಿಸಿದೆ. ಹಿಸ್ಟಮಿನ್‌ನ ಎಚ್1 ಗ್ರಾಹಕ ಮತ್ತು ಸಿರೊಟೋನಿನ್‌ನ 2ಸಿ ಗ್ರಾಹಕಗಳನ್ನು ತಡೆಯುವ ಔಷಧಗಳು ಹಸಿವನ್ನು ಹೆಚ್ಚಿಸುತ್ತವೆ. ಮಿರ್ಟಜಪೈನ್ ಎರಡನ್ನೂ ತಡೆಯುತ್ತದೆ. ಅಮಿಟ್ರಿಪ್ಟಿಲಿನ್‌ನಂತಹ ಹಳೆಯ ಔಷಧಗಳು ಹಿಸ್ಟಮಿನ್ ಗ್ರಾಹಕವನ್ನು ಬಲವಾಗಿ ತಡೆಯುತ್ತವೆ.

ಔಷಧಗಳ ಹೋಲಿಕೆ

ತೂಕ ಹೆಚ್ಚಿಸುವ ಸಾಧ್ಯತೆ ಅಧಿಕವಾಗಿರುವ ಔಷಧಗಳಲ್ಲಿ ಮಿರ್ಟಜಪೈನ್, ಅಮಿಟ್ರಿಪ್ಟಿಲಿನ್ ಮತ್ತು ಪ್ಯಾರಾಕ್ಸಿಟಿನ್ ಪ್ರಮುಖವಾದವು. ಫ್ಲುಆಕ್ಸಿಟಿನ್ ಆರಂಭದ ವಾರಗಳಲ್ಲಿ ಹಸಿವನ್ನು ಸ್ವಲ್ಪ ತಗ್ಗಿಸುತ್ತದೆ, ಆದರೆ ದೀರ್ಘಾವಧಿಯಲ್ಲಿ ಈ ಪರಿಣಾಮ ಉಳಿಯುವುದಿಲ್ಲ. ಬ್ಯುಪ್ರೊಪಿಯಾನ್ ಸೇವಿಸುವವರಲ್ಲಿ ತೂಕ ಸಾಮಾನ್ಯವಾಗಿ ಸ್ಥಿರವಾಗಿರುತ್ತದೆ ಅಥವಾ ತುಸು ಇಳಿಯುತ್ತದೆ. ಇದನ್ನು ನಾಲ್ಟ್ರೆಕ್ಸೋನ್ ಜೊತೆ ಸೇರಿಸಿದ ಗುಳಿಗೆಗೆ 2014ರಲ್ಲಿ ಅಮೆರಿಕದಲ್ಲಿ ಬೊಜ್ಜಿನ ಚಿಕಿತ್ಸೆಗಾಗಿ ಅನುಮತಿ ದೊರೆಯಿತು.

2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ 1,83,118 ವಯಸ್ಕರ ದಾಖಲೆಗಳನ್ನು ಬಳಸಿ ಎಂಟು ಔಷಧಗಳನ್ನು ಹೋಲಿಸಿತು. ಮಿರ್ಟಜಪೈನ್ ಇದರಲ್ಲಿ ಸೇರಿರಲಿಲ್ಲ. ಆರು ತಿಂಗಳ ನಂತರ, ಸರ್ಟ್ರಾಲಿನ್‌ಗೆ ಹೋಲಿಸಿದಾಗ ಎಸಿಟಲೋಪ್ರಾಂ ಮತ್ತು ಪ್ಯಾರಾಕ್ಸಿಟಿನ್ ಪಡೆದವರ ತೂಕ ಸರಾಸರಿ 0.4 ಕಿಲೋಗ್ರಾಂನಷ್ಟು ಹೆಚ್ಚಿತ್ತು. ಬ್ಯುಪ್ರೊಪಿಯಾನ್ ಪಡೆದವರದು ಸರಾಸರಿ 0.2 ಕಿಲೋಗ್ರಾಂನಷ್ಟು ಕಡಿಮೆ ಇತ್ತು. ಹೀಗೆ ಸಾಮಾನ್ಯವಾಗಿ ಮೊದಲು ಬಳಸುವ ಔಷಧಗಳ ನಡುವಿನ ಸರಾಸರಿ ಅಂತರವು ಅರ್ಧ ಕಿಲೋಗ್ರಾಂ ಆಸುಪಾಸಿನಲ್ಲಿದ್ದರೂ, ಕೆಲವು ವ್ಯಕ್ತಿಗಳಲ್ಲಿ ಏರಿಕೆ ಇದಕ್ಕಿಂತ ಬಹಳ ಹೆಚ್ಚಿರಬಹುದು. ಬ್ರಿಟನ್ನಿನ ಸುಮಾರು ಮೂರು ಲಕ್ಷ ಜನರ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕ ಏರುವ ಸಾಧ್ಯತೆಯು ಚಿಕಿತ್ಸೆಯ ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ ಅತ್ಯಧಿಕವಾಗಿತ್ತು. ಇಂತಹ ದಾಖಲೆ ಆಧಾರಿತ ಅಧ್ಯಯನಗಳು ತೂಕದ ಏರಿಕೆಗೆ ಔಷಧವೇ ಕಾರಣವೆಂದು ಸಿದ್ಧಪಡಿಸಲಾರವು.

ಆಯ್ಕೆಯ ಇತರ ಅಂಶಗಳು

ತೂಕವೊಂದನ್ನೇ ಆಧರಿಸಿದ ಆಯ್ಕೆ ಅಪಾಯಕಾರಿಯಾಗಬಹುದು. ಬ್ಯುಪ್ರೊಪಿಯಾನ್ ಸೆಳವಿನ ಸಾಧ್ಯತೆಯನ್ನು ಹೆಚ್ಚಿಸುವುದರಿಂದ, ಮೂರ್ಛೆರೋಗ ಇರುವವರಿಗೂ ಅನೊರೆಕ್ಸಿಯಾ ಅಥವಾ ಬುಲಿಮಿಯಾ ಎಂಬ ಆಹಾರ ಸೇವನೆಯ ಕಾಯಿಲೆಗಳು ಇರುವ ಅಥವಾ ಹಿಂದೆ ಇದ್ದವರಿಗೂ ಅದನ್ನು ನೀಡುವುದಿಲ್ಲ. ಮದ್ಯವನ್ನು ಹಠಾತ್ತನೆ ತ್ಯಜಿಸುತ್ತಿರುವವರಿಗೂ ಅದು ನಿಷಿದ್ಧ. ಕೆಲವರಲ್ಲಿ ಅದು ನಿದ್ರಾಹೀನತೆ ಮತ್ತು ಚಡಪಡಿಕೆಯನ್ನು ಹೆಚ್ಚಿಸುತ್ತದೆ. ಇದಕ್ಕೆ ವಿರುದ್ಧವಾಗಿ, ವಿಯೋಗದ ನಂತರ ನಿದ್ರೆ ಮತ್ತು ಊಟ ಎರಡನ್ನೂ ಕಳೆದುಕೊಂಡು ಸೊರಗಿದವರಿಗೆ ಮಿರ್ಟಜಪೈನ್‌ನ ತೂಕಡಿಕೆ ಮತ್ತು ಹಸಿವು ಹೆಚ್ಚಿಸುವ ಗುಣಗಳೇ ಉಪಯುಕ್ತವಾಗಬಹುದು.

ಸಿರೊಟೋನಿನ್ ಆಧಾರಿತ ಔಷಧಗಳು ವೃದ್ಧರಲ್ಲಿ ರಕ್ತದ ಸೋಡಿಯಂ ಪ್ರಮಾಣವನ್ನು ಇಳಿಸಬಲ್ಲವು, ಮತ್ತು ಆಸ್ಪಿರಿನ್‌ನಂತಹ ಗುಳಿಗೆಗಳೊಂದಿಗೆ ಸೇರಿದಾಗ ರಕ್ತಸ್ರಾವದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಅಮಿಟ್ರಿಪ್ಟಿಲಿನ್ ಮತ್ತು ಅದೇ ಗುಂಪಿನ ಹಳೆಯ ಔಷಧಗಳು ಮಿತಿಮೀರಿ ಸೇವಿಸಿದಾಗ ಹೃದಯಕ್ಕೆ ಮಾರಕವಾಗುವುದರಿಂದ, ಆತ್ಮಹತ್ಯೆಯ ಆಲೋಚನೆ ಇರುವವರಿಗೆ ಅವನ್ನು ಸಾಮಾನ್ಯವಾಗಿ ಆರಿಸುವುದಿಲ್ಲ. 25 ವರ್ಷದೊಳಗಿನವರಲ್ಲಿ ಚಿಕಿತ್ಸೆಯ ಆರಂಭದಲ್ಲಿ ಆತ್ಮಹತ್ಯೆಯ ಆಲೋಚನೆಗಳು ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004 ಮತ್ತು 2007ರಲ್ಲಿ ಎಚ್ಚರಿಕೆ ಪ್ರಕಟಿಸಿತು. ಹಿಂದೆ ಆ ವ್ಯಕ್ತಿಗೆ ಯಾವ ಔಷಧ ಗುಣ ನೀಡಿತ್ತು ಎಂಬುದು ಆಯ್ಕೆಯ ಮುಖ್ಯ ಆಧಾರಗಳಲ್ಲಿ ಒಂದು.

ಸೌಮ್ಯ ಖಿನ್ನತೆಗೆ ಔಷಧವನ್ನು ಮೊದಲ ಚಿಕಿತ್ಸೆಯಾಗಿ ವಾಡಿಕೆಯಂತೆ ನೀಡಬಾರದು, ರೋಗಿ ಬಯಸಿದಲ್ಲಿ ನೀಡಬಹುದು ಎಂದು ಬ್ರಿಟನ್ನಿನ 2022ರ ಮಾರ್ಗಸೂಚಿ ಹೇಳುತ್ತದೆ. ಅಂತಹ ಸಂದರ್ಭಗಳಲ್ಲಿ ಆಪ್ತಸಮಾಲೋಚನೆ, ಮಾತಿನ ಚಿಕಿತ್ಸೆ ಮತ್ತು ವ್ಯಾಯಾಮಗಳಿಗೆ ಆದ್ಯತೆಯಿದೆ.

ಚಿಕಿತ್ಸೆಯ ಅವಧಿ ಮತ್ತು ತೂಕದ ನಿಗಾ

ಔಷಧದ ಪರಿಣಾಮ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳು ಬೇಕಾಗುತ್ತವೆ. ಗುಣವಾದ ನಂತರವೂ ಕನಿಷ್ಠ ಆರು ತಿಂಗಳು ಔಷಧವನ್ನು ಮುಂದುವರಿಸಲು ಸಲಹೆ ನೀಡಲಾಗುತ್ತದೆ. ಮೇಲೆ ಹೇಳಿದ 2024ರ ಅಧ್ಯಯನದಲ್ಲಿ ಆರು ತಿಂಗಳ ಹೊತ್ತಿಗೆ ಆರಂಭಿಸಿದ ಔಷಧವನ್ನೇ ಸೇವಿಸುತ್ತಿದ್ದವರು ಅರ್ಧಕ್ಕಿಂತ ಕಡಿಮೆ. ಪ್ಯಾರಾಕ್ಸಿಟಿನ್ ಮತ್ತು ವೆನ್ಲಫಾಕ್ಸಿನ್‌ಗಳನ್ನು ಹಠಾತ್ತನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ ಮತ್ತು ಕಳವಳ ಉಂಟಾಗುವ ಸಂಭವ ಹೆಚ್ಚು. ಆದ್ದರಿಂದ ತೂಕ ಏರುತ್ತಿದೆ ಎಂದು ರೋಗಿ ತಾನಾಗಿ ಔಷಧ ಬಿಡುವ ಬದಲು, ವೈದ್ಯರ ಸಲಹೆಯಂತೆ ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ಅಥವಾ ಬೇರೆ ಔಷಧಕ್ಕೆ ಬದಲಾಯಿಸುವುದು ಸುರಕ್ಷಿತ.

ಚಿಕಿತ್ಸೆಗೆ ಮುನ್ನ ತೂಕ ಮತ್ತು ಸೊಂಟದ ಸುತ್ತಳತೆಯನ್ನು ದಾಖಲಿಸಿಕೊಂಡರೆ ನಂತರದ ಬದಲಾವಣೆಯನ್ನು ಖಚಿತವಾಗಿ ಅಳೆಯಬಹುದು. ಆಗ, ವಿಯೋಗದ ಮೊದಲು ಇದ್ದ ತೂಕವನ್ನೂ ಕೇಳಿ ಬರೆದುಕೊಳ್ಳುವುದು ಉಪಯುಕ್ತ. ಮರಣದ ನಂತರ ನಾಲ್ಕು ಕಿಲೋಗ್ರಾಂ ಇಳಿದಿದ್ದವರು ಚಿಕಿತ್ಸೆಯಲ್ಲಿ ಮೂರು ಕಿಲೋಗ್ರಾಂ ಏರಿದರೆ ಅದು ಚೇತರಿಕೆಯ ಗುರುತಾಗಿರಬಹುದು. ದೇಹತೂಕದ ಶೇ. 5ರಷ್ಟು ಏರಿಕೆಯನ್ನು ಸಾಮಾನ್ಯವಾಗಿ ಗಮನಾರ್ಹವೆಂದು ಪರಿಗಣಿಸಲಾಗುತ್ತದೆ. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹದ ಅಪಾಯ ಆರಂಭವಾಗುವುದರಿಂದ, ಇಲ್ಲಿ ಅಧಿಕ ತೂಕದ ಮಿತಿಯನ್ನು ದೇಹತೂಕ ಸೂಚ್ಯಂಕ 25ರ ಬದಲು 23 ಎಂದು ಇರಿಸಲಾಗಿದೆ.

ಭಾರತದಲ್ಲಿ ನೆರವು

ಭಾರತದಲ್ಲಿ ಖಿನ್ನತೆ ನಿವಾರಕಗಳನ್ನು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕೆಂಬ ನಿಯಮವಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ದೊರೆಯುತ್ತದೆ. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಇದು ಲಭ್ಯವಿದೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಈ ಸೇವೆಯ ಪ್ರಧಾನ ಕೇಂದ್ರವಾಗಿದೆ. ಅಗಲಿದವರನ್ನು ಸೇರಬೇಕೆಂಬ ಹಂಬಲವು ಸಾಯುವ ಯೋಜನೆಯಾಗಿ ಬದಲಾದರೆ, ಊಟ ಮತ್ತು ನೀರನ್ನು ತ್ಯಜಿಸಿದರೆ ಅಥವಾ ಭ್ರಮೆಗಳು ಕಾಣಿಸಿಕೊಂಡರೆ ಅದನ್ನು ತುರ್ತು ಸ್ಥಿತಿಯೆಂದು ಪರಿಗಣಿಸಿ ತಕ್ಷಣ ಆಸ್ಪತ್ರೆಯ ಚಿಕಿತ್ಸೆ ನೀಡಲಾಗುತ್ತದೆ.