ಗಾಂಧಿ ಬಜಾರಿನಿಂದ ಟಿಪ್ಪುವಿನ ಅರಮನೆಗೆ: ನಮ್ಮ ಊರನ್ನು ನಮಗೆ ತೋರಿಸುವವರು ಯಾರು?

ಉಮ್ರಾಕ್ಕೆ ಹೋಗಿ ಬಂದವರಿಗೆ ಮದೀನಾದ ಝಿಯಾರತ್ ಬಸ್ಸು ಗೊತ್ತಿರುತ್ತದೆ. ಕುಬಾ ಮಸೀದಿ, ಮಸ್ಜಿದುಲ್ ಕಿಬ್ಲತೈನ್, ಉಹುದ್ ಬೆಟ್ಟ, ಎಲ್ಲವನ್ನೂ ಅರ್ಧ ದಿನದಲ್ಲಿ ತೋರಿಸುತ್ತಾರೆ. ಬಲ್ಲವರೊಬ್ಬರು ಉಹುದ್‌ನ ಬುಡದಲ್ಲಿ ನಿಂತು ಬಿಲ್ಲುಗಾರರು ಕಾವಲಿದ್ದ ಗುಡ್ಡವನ್ನು ತೋರಿಸಿ ವಿವರಿಸಿದರೆ, ಚಿಕ್ಕಂದಿನಿಂದ ಕೇಳಿದ್ದ ಘಟನೆ ಮೊದಲ ಬಾರಿಗೆ ಕಣ್ಣಿಗೆ ಕಟ್ಟುತ್ತದೆ. ಜಾಗವನ್ನು ನೋಡುವುದು, ಅದರ ಕಥೆಯನ್ನು ಬಲ್ಲವರಿಂದ ಕೇಳುವುದು, ಇವೆರಡೂ ಸೇರಿದಾಗ ಇತಿಹಾಸ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ಬೆಂಗಳೂರಿನಲ್ಲೇ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅವರ ಊರನ್ನು ಹೀಗೆ ತೋರಿಸಿದವರು ಎಷ್ಟು ಮಂದಿ?

ಊರು ತೋರಿಸುವ ವ್ಯವಸ್ಥೆ ಇಲ್ಲವೆಂದಲ್ಲ. ರಾಜ್ಯ ಪ್ರವಾಸೋದ್ಯಮ ನಿಗಮದ ನಗರ ದರ್ಶನದ ಬಸ್ಸು ಬಾದಾಮಿ ಹೌಸ್‌ನಿಂದ ಹೊರಟು ದೊಡ್ಡ ಬಸವಣ್ಣನ ಗುಡಿ, ಟಿಪ್ಪುವಿನ ಅರಮನೆ, ಲಾಲ್‌ಬಾಗ್‌ಗಳನ್ನು ಸುತ್ತಿಸುತ್ತದೆ. ಬಸವನಗುಡಿಯಲ್ಲಿ ಕಾಲ್ನಡಿಗೆಯ ಪಾರಂಪರಿಕ ನಡಿಗೆಗಳೂ ನಡೆಯುತ್ತವೆ. ಗಾಂಧಿ ಬಜಾರಿನ ಹೂವಿನ ಸಾಲು, 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ದೋಸೆ ಎಲ್ಲವೂ ನೋಡತಕ್ಕವೇ, ಸವಿಯತಕ್ಕವೇ. ಆದರೆ ಅರ್ಧ ದಿನದಲ್ಲಿ ಎಲ್ಲವನ್ನೂ ತೋರಿಸಲಾಗದು. ಗೈಡ್ ಕೆಲವನ್ನು ಆರಿಸಿಕೊಳ್ಳುತ್ತಾರೆ. ಅವರು ನಿಂತು ಹೇಳಿದ್ದು ನೆನಪಿನಲ್ಲಿ ಉಳಿಯುತ್ತದೆ, ದಾಟಿ ಹೋದದ್ದು ಮರೆಯಾಗುತ್ತದೆ. ಮುಸ್ಲಿಮರ ಮಾತು ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಟಿಪ್ಪುವಿನ ಅರಮನೆಯಲ್ಲಿ, ಬರುತ್ತದೆ. ಈ ಊರಿನಲ್ಲಿ ನಮ್ಮ ಪಾಲೆಂದರೆ ಒಬ್ಬ ಸುಲ್ತಾನ, ಒಂದು ಯುದ್ಧ, ಅದು 1799ಕ್ಕೇ ಮುಗಿಯಿತು ಎಂದು ಮಗು ತಿಳಿಯುತ್ತದೆ. ಇದು ಸರಿಯಲ್ಲ ಎಂಬುದನ್ನು ಅರಿಯಲು ಗಾಂಧಿ ಬಜಾರಿನಿಂದ ಅದೇ ಅರಮನೆಯವರೆಗೆ ನಡೆದರೆ ಸಾಕು. ನೇರ ದಾರಿ ಸುಮಾರು ಎರಡು ಕಿಲೋಮೀಟರ್.

ಹೊರಡುವ ಜಾಗದಲ್ಲೇ ಮೊದಲ ಪಾಠವಿದೆ. ಗಾಂಧಿ ಬಜಾರಿನ ಹೆಸರನ್ನು ಕನ್ನಡ ಕಾವ್ಯದಲ್ಲಿ ಶಾಶ್ವತಗೊಳಿಸಿದವರು ದೇವನಹಳ್ಳಿಯಲ್ಲಿ ಹುಟ್ಟಿದ ಕೆ. ಎಸ್. ನಿಸಾರ್ ಅಹಮದ್. 1960ರಲ್ಲಿ ಬಂದ ಅವರ ಮೊದಲ ಕವನ ಸಂಕಲನದ ಹೆಸರೇ 'ಮನಸು ಗಾಂಧಿಬಜಾರು'. ಭೂವಿಜ್ಞಾನದ ಅಧ್ಯಾಪಕರಾಗಿದ್ದ ಅವರು 2006ರಲ್ಲಿ ಶಿವಮೊಗ್ಗದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕೋಟೆಯನ್ನಾಗಲಿ ಅರಮನೆಯನ್ನಾಗಲಿ ಕಟ್ಟದೆ, ಬರೀ ಕನ್ನಡದ ಬಲದಿಂದ ಒಬ್ಬರು ಊರಿನ ಇತಿಹಾಸ ಸೇರಿದ್ದು ಹೀಗೆ.

ಅಲ್ಲಿಂದ ಲಾಲ್‌ಬಾಗ್‌ನ ಪಶ್ಚಿಮ ಗೇಟು ಹತ್ತಿರ. ಒಳಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. 1760ರಲ್ಲಿ ತೋಟಕ್ಕೆ ನಾಂದಿ ಹಾಡಿದವರು ಹೈದರಲಿ. ಹೊರದೇಶಗಳಿಂದ ಗಿಡಗಳನ್ನು ತರಿಸಿ ಬೆಳೆಸಿದವರು ಟಿಪ್ಪು. ಗಾಜಿನ ಮನೆ ಎದ್ದದ್ದು ಬ್ರಿಟಿಷರ ಕಾಲದಲ್ಲಿ. ಆಮೇಲೆ ಜರ್ಮನಿಯ ಕ್ರುಂಬಿಗಲ್, ನಮ್ಮವರೇ ಆದ ಎಚ್. ಸಿ. ಜವರಾಯ ಅದನ್ನು ಬೆಳೆಸಿದರು. ಇಂದು 240 ಎಕರೆಯಿರುವ ಈ ತೋಟ ಯಾರೊಬ್ಬರದೂ ಅಲ್ಲ.

ಕೃಷ್ಣರಾಜೇಂದ್ರ ರಸ್ತೆ ಹಿಡಿದು ಉತ್ತರಕ್ಕೆ ನಡೆದರೆ ಕೋಟೆ ಪ್ರದೇಶ ಬರುತ್ತದೆ. 1537ರ ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದರು. ತೇಗದ ಕಂಬಗಳ ಬೇಸಿಗೆ ಅರಮನೆಯನ್ನು ಹೈದರಲಿ ಆರಂಭಿಸಿದರು, ಟಿಪ್ಪು 1791ರಲ್ಲಿ ಮುಗಿಸಿದರು. ಪಕ್ಕದಲ್ಲೇ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಾಲಯವಿದೆ. ಸುಲ್ತಾನರ ಅರಮನೆಯೂ ಆ ಗುಡಿಯೂ ಅಕ್ಕಪಕ್ಕದಲ್ಲೇ ಇದ್ದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೇನೆ ಕೋಟೆಗೆ ನುಗ್ಗಿದಾಗ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದರು. ಅರಮನೆಯ ಬದುಕು ಅಲ್ಲಿಗೆ ನಿಲ್ಲಲಿಲ್ಲ. 1831ರಿಂದ 1868ರವರೆಗೆ ಮೈಸೂರು ರಾಜ್ಯದ ಆಡಳಿತದ ಕಚೇರಿಗಳು ಇದೇ ಕಟ್ಟಡದಲ್ಲಿದ್ದವು. ನಂತರ ಅವು ಹೋದದ್ದು ಅಠಾರ ಕಚೇರಿಗೆ, ಅಂದರೆ ಇಂದಿನ ಹೈಕೋರ್ಟಿಗೆ. ಹದಿನೆಂಟು ಇಲಾಖೆಗಳಿದ್ದುದರಿಂದ ಬಂದ ಆ ಹೆಸರು ನಮ್ಮ ಮನೆಮಾತಿನದೇ.

ಇನ್ನೂ ನಡೆಯುವ ಶಕ್ತಿ ಇದ್ದವರು ಕಾಟನ್‌ಪೇಟೆಗೆ ಹೋಗಬಹುದು. ಅಲ್ಲಿರುವ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಪ್ರತಿವರ್ಷ ಧರ್ಮರಾಯ ದೇವಾಲಯದ ಕರಗ ಬಂದು ಹೋಗುತ್ತದೆ. ಬಾದಾಮಿ ಹೌಸ್ ಸಮೀಪದ ಪುರಭವನ 1935ರಲ್ಲಿ ಉದ್ಘಾಟನೆಯಾದಾಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶೀರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದು ಬೆಂಗಳೂರಿನವರೇ ಆದರು. ಮೊಮ್ಮಗ 1926ರಿಂದ 1941ರವರೆಗೆ ದಿವಾನಗಿರಿ ನಡೆಸಿ ನಗರವನ್ನು ಅಂದಗೊಳಿಸಿದರು. ನಗರ ದರ್ಶನಕ್ಕೆ ಬಸ್ಸು ಹತ್ತುವವರಲ್ಲಿ ಎಷ್ಟು ಜನರಿಗೆ ಈ ಕಥೆ ಗೊತ್ತಿದೆ?

ಮಕ್ಕಳಿಗೆ ಊರು ತೋರಿಸುವ ಹಿರಿಯರು ಎರಡು ವಿಷಯ ನೆನಪಿಡಬೇಕು. ಮೊದಲನೆಯದು, ದಾಖಲೆಯನ್ನು ದಾಖಲೆಯೆಂದೂ ನಂಬಿಕೆಯನ್ನು ನಂಬಿಕೆಯೆಂದೂ ಹೇಳಬೇಕು. ಹೈದರಲಿಯ ಕೋಟೆಗೆ ಕಲ್ಲು ಹೊತ್ತವರಲ್ಲಿ ತವಕ್ಕಲ್ ಮಸ್ತಾನರೂ ಒಬ್ಬರೆಂಬುದು ಜನರ ನಂಬಿಕೆ. ಅದನ್ನು ಹಾಗೆಯೇ ಹೇಳಿದರೆ ಅದರ ಸೊಗಸು ಕಡಿಮೆಯಾಗುವುದಿಲ್ಲ. ನಮ್ಮವರೆಂಬ ಅಭಿಮಾನದಿಂದ ಒಂದು ಸುಳ್ಳು ಸೇರಿಸಿದರೂ, ಮುಂದೆ ಮಗು ನಿಜ ತಿಳಿದ ದಿನ ನಾವು ಹೇಳಿದ ನಿಜಗಳನ್ನೂ ಅನುಮಾನಿಸುತ್ತದೆ. ಎರಡನೆಯದು, ನಮ್ಮವರ ಕುರುಹುಗಳನ್ನಷ್ಟೇ ತೋರಿಸಿ ಮನೆಗೆ ಕರೆತರಬಾರದು. ನಮ್ಮನ್ನು ದಾಟಿ ಹೋಗುವ ಗೈಡ್ ಮಾಡುವುದು ತಪ್ಪೆಂದಾದರೆ, ಕೆಂಪೇಗೌಡರನ್ನು, ಕ್ರುಂಬಿಗಲ್‌ರನ್ನು ದಾಟಿ ಹೋಗುವ ನಾವು ಮಾಡುವುದೂ ತಪ್ಪೇ.

ಈ ಊರಿನಲ್ಲಿ ನಾವು ಅತಿಥಿಗಳೋ ಮನೆಯವರೋ ಎಂಬ ಪ್ರಶ್ನೆ ನಮ್ಮ ಮಕ್ಕಳಿಗೆ ಶಾಲೆಯಲ್ಲೋ ಕೆಲಸದ ಜಾಗದಲ್ಲೋ ಒಂದು ದಿನ ಎದುರಾಗಬಹುದು. ಅದಕ್ಕೆ ಕೋಪದಿಂದ ಉತ್ತರಿಸಬೇಕಾಗಿಲ್ಲ. ಬೀದಿಯ ಹೆಸರು, ಇಸವಿ, ಮನುಷ್ಯರ ಹೆಸರು ಹೇಳಿ ಶಾಂತವಾಗಿ ಉತ್ತರಿಸುವ ತಿಳಿವಳಿಕೆ ಅವರಲ್ಲಿದ್ದರೆ ಸಾಕು. ಅದು ಬರುವುದು ಕಾಲ್ನಡಿಗೆಯಿಂದ. ಮುಂದಿನ ಭಾನುವಾರ ಫಜ್ರ್ ಮುಗಿಸಿ, ಬಿಸಿಲೇರುವ ಮುನ್ನ, ಮನೆಯ ಅಜ್ಜ-ಅಜ್ಜಿಯರನ್ನೂ ಕರೆದುಕೊಂಡು ಗಾಂಧಿ ಬಜಾರಿನಿಂದ ಹೊರಡಿ. ನಡೆಯಲಾಗದ ಹಿರಿಯರನ್ನು ಆಟೋದಲ್ಲಿ ಅರಮನೆಗೆ ಕಳಿಸಿ. ಮಿಕ್ಕ ಕಥೆ ಅಲ್ಲಿ ಅವರು ಹೇಳಲಿ.