ಅಳಲೆಕಾಯಿ ಹೊತ್ತ ಹಡಗು

ಸಮುದ್ರವೇ ಕಾಣದ ಕೌದಳ್ಳಿಯ ಶಾಲಾ ಸಂಚಿಕೆಯಲ್ಲಿ ಹಡಗಿನ ಚರಿತ್ರೆ ಏಕೆ ಎಂದು ಓದುಗರು ಕೇಳಬಹುದು. ಉತ್ತರ ನಮ್ಮ ಮಾದಪ್ಪನ ಬೆಟ್ಟದ ಕಾಡಿನಲ್ಲಿ ಸಿಗುವ ಅಳಲೆಕಾಯಿಯಲ್ಲಿದೆ.

ಹಡಗಿನ ಹೆಸರು 'ಕಟ್ಟಿ ಸಾರ್ಕ್'. ಸ್ಕಾಟ್ ಭಾಷೆಯಲ್ಲಿ ಇದಕ್ಕೆ ಗಿಡ್ಡ ಅಂಗಿ ಎಂದರ್ಥ. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಕಟ್ಟಿದ ಈ ಹಾಯಿಹಡಗನ್ನು 1869ರ ನವೆಂಬರ್ 22ರಂದು ನೀರಿಗಿಳಿಸಿದರು. ಉದ್ದ ಸುಮಾರು 212 ಅಡಿ. ಕಬ್ಬಿಣದ ಚೌಕಟ್ಟಿಗೆ ಮರದ ಹಲಗೆ ಹೊದಿಸಿದ ರಚನೆ. ಚೀನಾದ ಹೊಸ ಚಹಾವನ್ನು ಎಲ್ಲರಿಗಿಂತ ಮೊದಲು ಲಂಡನ್ನಿಗೆ ತಲುಪಿಸುವುದು ಮಾಲೀಕ ಜಾನ್ ವಿಲ್ಲಿಸ್‌ನ ಗುರಿ. 1870ರ ಮೊದಲ ಯಾನದಲ್ಲೇ ಅದು ಸುಮಾರು 13 ಲಕ್ಷ ಪೌಂಡ್ ಚಹಾ ತಂದಿತು.

ಆದರೆ ಹಡಗು ನೀರಿಗಿಳಿಯುವ ಐದೇ ದಿನ ಮೊದಲು ಸೂಯೆಜ್ ಕಾಲುವೆ ತೆರೆದಿತ್ತು. ಉಗಿಹಡಗುಗಳು ಆಫ್ರಿಕಾ ಸುತ್ತದೆ ನೇರ ಬರತೊಡಗಿದವು. ಗಾಳಿಯನ್ನೇ ನಂಬಿದ ಹಾಯಿಹಡಗಿಗೆ ಆ ದಾರಿ ಒಗ್ಗಲಿಲ್ಲ. ಎಷ್ಟೇ ಚೆನ್ನಾಗಿ ಕಟ್ಟಿದ ಯಂತ್ರವಾದರೂ ಸುತ್ತಲಿನ ವ್ಯವಸ್ಥೆ ಬದಲಾದರೆ ಹಿಂದೆ ಬೀಳುತ್ತದೆ ಎಂಬುದನ್ನು ಎಂಜಿನಿಯರ್ ಆದ ನಾನು ದಿನವೂ ಕಾಣುತ್ತೇನೆ. 1877ರ ಹೊತ್ತಿಗೆ ಕಟ್ಟಿ ಸಾರ್ಕ್‌ನ ಚಹಾ ವ್ಯಾಪಾರ ಮುಗಿಯಿತು. ಮುಂದೆ ಸಿಕ್ಕಿದ ಸರಕೇ ಗತಿ: ಕಲ್ಲಿದ್ದಲು, ಸೆಣಬು, ಸೀಮೆಎಣ್ಣೆ.

ಹೀಗೆ ಅಲೆಯುತ್ತ ಅದು 1882–83ರಲ್ಲಿ ಮದ್ರಾಸ್ ಪ್ರಾಂತ್ಯದ ಕರಾವಳಿಗೆ ಬಂತು. ಬೆಲ್ಲ, ಎಮ್ಮೆ ಕೊಂಬು, ಅಳಲೆಕಾಯಿ ತುಂಬಿಕೊಂಡು ಲಂಡನ್ನಿಗೆ ಮರಳಿತು. ಚರ್ಮ ಹದಮಾಡಲು ಬೇಕಾದ ಒಗರು ಅಳಲೆಯಲ್ಲಿ ಹೇರಳವಾಗಿದೆ. ಇಂಗ್ಲೆಂಡಿನ ಚರ್ಮದ ಕಾರ್ಖಾನೆಗಳಿಗೆ ಅದು ಬೇಕಿತ್ತು. ನಮ್ಮ ಕಾಡಿನ ಸರಕು ಕಚ್ಚಾ ರೂಪದಲ್ಲಿ ಹೋಗುತ್ತಿತ್ತು. ಲಾಭದ ಕೆಲಸವೆಲ್ಲ ಅಲ್ಲಿ ನಡೆಯುತ್ತಿತ್ತು.

ಆಗ ನಮ್ಮ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿರಲಿಲ್ಲ. ಅದೇ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಡಗಿಗೆ ಅಳಲೆ ಹತ್ತಿದ್ದು ದೂರದ ಪೂರ್ವ ಕರಾವಳಿಯಲ್ಲಿ. ಆದರೆ ಮರ ಅದೇ, ಸರ್ಕಾರ ಅದೇ, ಕಾನೂನೂ ಅದೇ. 1882ರಲ್ಲೇ ಮದ್ರಾಸ್ ಅರಣ್ಯ ಕಾಯ್ದೆ ಬಂತು. ಮೀಸಲು ಅರಣ್ಯವೆಂದು ಘೋಷಿಸಿದ ಕಡೆ, ತಲೆತಲಾಂತರದಿಂದ ಕಾಯಿ ಆಯುತ್ತಿದ್ದವರಿಗೂ ಸರ್ಕಾರದ ಅಪ್ಪಣೆ ಬೇಕಾಯಿತು. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕು ಕಾನೂನಿನಂತೆ ದೊರೆತದ್ದು 2011ರಲ್ಲಿ, ಅಂದರೆ 129 ವರ್ಷಗಳ ನಂತರ.

ಹಡಗಿನ ಕಥೆ ಮುಂದುವರಿಯಿತು. ಆಸ್ಟ್ರೇಲಿಯಾದ ಉಣ್ಣೆ ಸಾಗಿಸುತ್ತ 1885ರಲ್ಲಿ ಸಿಡ್ನಿಯಿಂದ ಇಂಗ್ಲೆಂಡಿಗೆ 73 ದಿನಗಳಲ್ಲಿ ಓಡಿ ಹೆಸರು ಮಾಡಿತು. 1895ರಲ್ಲಿ ಪೋರ್ಚುಗೀಸರಿಗೆ ಮಾರಾಟವಾಗಿ, 1922ರಲ್ಲಿ ಮತ್ತೆ ಇಂಗ್ಲೆಂಡಿಗೆ ಬಂದು, 1954ರಿಂದ ಲಂಡನ್ನಿನ ಗ್ರೀನಿಚ್‌ನಲ್ಲಿ ನಿಂತಿದೆ. 2007ರ ಬೆಂಕಿಯಲ್ಲಿ ಸುಟ್ಟರೂ ದುರಸ್ತಿ ಮಾಡಿ 2012ರಲ್ಲಿ ಮತ್ತೆ ತೆರೆದರು.

ಅದರ ನಾಯಕರ ಹೆಸರು, ಯಾನದ ದಿನಗಳು, ಸರಕಿನ ಲೆಕ್ಕ ಎಲ್ಲವನ್ನೂ ಅವರು ಬರೆದಿಟ್ಟುಕೊಂಡರು. ಕಾಯಿ ಆಯ್ದವರ ಹೆಸರನ್ನು ಯಾರೂ ಬರೆಯಲಿಲ್ಲ. ಇಂದಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ನಿಮ್ಮೂರಿನ, ಹತ್ತಿರದ ಪೋಡುಗಳ ಹಿರಿಯರನ್ನು ಮಾತನಾಡಿಸಿ. ಅಳಲೆ, ನೆಲ್ಲಿ, ಜೇನನ್ನು ಯಾರು ತಂದರು, ಯಾರಿಗೆ ಎಷ್ಟಕ್ಕೆ ಕೊಟ್ಟರು ಎಂದು ಕೇಳಿ ಬರೆದಿಡಿ. ಶಾಲೆಯ ಮುಂದಿನ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಚರಿತ್ರೆ ಬೇಕಿಲ್ಲ.