ಹಳೆಯ ಐಬಿಸಿ ಟ್ಯಾಂಕ್ ತೊಳೆದರೆ ಕುಡಿಯುವ ನೀರಿಗೆ ಆಗುತ್ತದೆಯೇ?

ಆಗುವುದಿಲ್ಲ. ಕಂಬಿ ಪಂಜರದೊಳಗಿನ ಬಿಳಿ ಪ್ಲಾಸ್ಟಿಕ್ಕಿನ ಸಾವಿರ ಲೀಟರ್ ಟ್ಯಾಂಕ್ ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಬೋರ್ಡೋ ದ್ರಾವಣಕ್ಕೆ ಒಳ್ಳೆಯದೇ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಈ ಪ್ಲಾಸ್ಟಿಕ್ಕನ್ನಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಟ್ಯಾಂಕನ್ನು ಸೋಪು ಹಾಕಿ ಉಜ್ಜಿ ಲೈನ್ ಮನೆಗಳ ನೀರಿಗೆ ಇಡುವುದು ಬೇರೆ ಮಾತು. ಕೆಲವು ರಾಸಾಯನಿಕಗಳು ಪ್ಲಾಸ್ಟಿಕ್ಕಿನೊಳಗೇ ಇಂಗಿ, ಆಮೇಲೆ ನಿಧಾನವಾಗಿ ನೀರಿಗೆ ಬಿಡುತ್ತವೆ. ವಾಸನೆ ಹೋಯಿತೆಂದರೆ ವಿಷ ಹೋಯಿತೆಂದಲ್ಲ.

ಪಂಜರದ ಮೇಲಿನ ತಗಡು ಓದಿ. ‘31ಎಚ್‌ಎ1’ ಎಂದಿದ್ದರೆ ಅಪಾಯಕಾರಿ ದ್ರವ ಸಾಗಿಸಲು ಪರೀಕ್ಷೆಯಾದದ್ದು ಎಂದರ್ಥ, ಆಹಾರಕ್ಕೆ ಯೋಗ್ಯವೆಂದಲ್ಲ. ತಯಾರಾದ ತಿಂಗಳು, ವರ್ಷವೂ ಅಲ್ಲೇ ಇರುತ್ತದೆ. ಅಂಥ ದ್ರವಗಳ ಸಾಗಣೆಗೆ ಸಾಮಾನ್ಯವಾಗಿ 5 ವರ್ಷವೇ ಗಡುವು. ಹಿಂದೆ ಏನು ತುಂಬಿತ್ತೆಂಬ ಲೇಬಲ್ ಕಿತ್ತುಹೋಗಿದ್ದರೆ, ಎಷ್ಟೇ ಅಗ್ಗವಾಗಲಿ, ನಾವಂತೂ ಕುಡಿಯುವ ನೀರಿಗೆ ಕೊಳ್ಳುವುದಿಲ್ಲ.